ಮಡಚಿ ಒಯ್ಯುವ ಕೆಂಡದೊಲೆ: ಶಿಬಿರದ ಬಾರ್ಬೆಕ್ಯೂ ಬೆಳೆದುಬಂದ ಬಗೆ

ಮಡಚುವ ಬಾರ್ಬೆಕ್ಯೂ ಬಿಚ್ಚಿ ನಿಲ್ಲಿಸಿದಾಗ ಕೆಂಡದೊಲೆ. ಮಡಚಿದಾಗ ಕೈಚೀಲಕ್ಕೋ ಕಾರಿನ ಡಿಕ್ಕಿಗೋ ಸೇರುವ ತಗಡಿನ ಕಟ್ಟು. ಅದರ ಅಂಗಗಳು ನಾಲ್ಕೇ: ಕೆಂಡ ಹಿಡಿಯುವ ತಟ್ಟೆ, ಕೆಂಡಕ್ಕೆ ಗಾಳಿ ಬಿಡುವ ಕಿಂಡಿಗಳು, ಆಹಾರವನ್ನು ಹೊರುವ ಜಾಲರಿ, ಇಡೀ ಒಲೆಯನ್ನು ನೆಲದಿಂದ ಎತ್ತಿ ಹಿಡಿಯುವ ಕಾಲು. ಈ ನಾಲ್ಕೂ ಒಂದೇ ಕಾಲದಲ್ಲಿ, ಒಂದೇ ನಾಡಿನಲ್ಲಿ ಹುಟ್ಟಿದವಲ್ಲ. ಕಂಚಿನ ಯುಗದ ಕುಂಬಾರರು, ಹದಿನೆಂಟನೆಯ ಶತಮಾನದ ಸೇನಾಧಿಕಾರಿಗಳು, ಅಮೆರಿಕದ ಒಂದು ಕಾರು ಕಾರ್ಖಾನೆ, ಜಪಾನಿನ ಒಂದು ಲೋಹಗೆಲಸದ ಊರು, ಹೀಗೆ ಒಬ್ಬೊಬ್ಬರು ಒಂದೊಂದನ್ನು ಸೇರಿಸುತ್ತ ಬಂದರು.

ಒಲೆಯನ್ನು ಹೊರುವವರು ಬದಲಾದಂತೆಲ್ಲ ಅದರ ಆಕಾರವೂ ಬದಲಾಯಿತು. ಸೈನಿಕನ ಪೆಟ್ಟಿಗೆಗೆ ಹೊಂದುವ ಒಲೆ ಬೇರೆ, ಸೈಕಲ್ ಸವಾರನ ಚೀಲಕ್ಕೆ ಹೊಂದುವುದು ಬೇರೆ, ಕಾರಿನ ಹಿಂಬದಿಯಲ್ಲಿ ಸಾಗುವುದು ಇನ್ನೂ ಬೇರೆ. ಈ ಬದಲಾವಣೆಗಳಲ್ಲಿ ಗಮನಿಸಬೇಕಾದದ್ದು ಕಾಲುಗಳ ಕೆಲಸ. ಮೊದಲು ಅವು ಇದ್ದದ್ದು ಬೆಂಕಿಗೆ ಗಾಳಿ ಸಿಗಲೆಂದು, ಆಹಾರ ಕೆಂಡದಿಂದ ತಕ್ಕ ಎತ್ತರದಲ್ಲಿ ನಿಲ್ಲಲೆಂದು. ಇಂದು ಅವುಗಳ ಮುಖ್ಯ ಕೆಲಸ ಒಲೆಯ ಕೆಳಗಿನ ನೆಲ ಸುಡದಂತೆ ನೋಡಿಕೊಳ್ಳುವುದು.

ಪಾತ್ರೆಗೆ ಬಂದ ಕೆಂಡ

ಉರಿಯಲ್ಲಿ ಮಾಂಸ ಸುಡಲು ಸಾಧನವೇನೂ ಬೇಕಿಲ್ಲ; ಹಸಿ ಕಡ್ಡಿಯೊಂದಿದ್ದರೆ ಸಾಕು. ಸಾಧನ ಬೇಕಾಗುವುದು ಉರಿ ತಗ್ಗಿ ಕೆಂಡವಾದ ಮೇಲೆ. ಸುಡುವುದಕ್ಕೆ ಜ್ವಾಲೆಗಿಂತ ಕೆಂಡ ಮೇಲು: ಹೊಗೆ ಕಡಿಮೆ, ಮಸಿ ಹಿಡಿಯದು, ಕಾವು ಒಂದೇ ಸಮನಾಗಿ ಬಹಳ ಹೊತ್ತು ನಿಲ್ಲುತ್ತದೆ. ಆದರೆ ಕೆಂಡ ಚದುರಿದರೆ ಆರುತ್ತದೆ, ಗಾಳಿಯಿಲ್ಲದಿದ್ದರೂ ಆರುತ್ತದೆ. ಅದನ್ನು ಒತ್ತಾಗಿ ಕೂಡಿಸಿಡಬೇಕು, ಅಡಿಯಿಂದ ಉಸಿರಾಟಕ್ಕೆ ದಾರಿಯನ್ನೂ ಬಿಡಬೇಕು. ಕೆಂಡದೊಲೆಯ ಇತಿಹಾಸ ಶುರುವಾಗುವುದು ಈ ಎರಡನ್ನೂ ಒಟ್ಟಿಗೆ ಸಾಧಿಸುವ ಪ್ರಯತ್ನದಿಂದ.

ಏಜಿಯನ್ ಸಮುದ್ರದ ಸ್ಯಾಂಟೊರಿನಿ ದ್ವೀಪದಲ್ಲಿದ್ದ ಆಕ್ರೊಟಿರಿ ಎಂಬ ಊರು ಕ್ರಿ.ಪೂ. 1600ರ ಸುಮಾರಿನಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋಯಿತು. ಅಲ್ಲಿನ ಉತ್ಖನನದಲ್ಲಿ ಸಲಾಕೆಗಳನ್ನು ಆನಿಸಿಡುವ ಜೋಡಿ ಆಧಾರಗಳು ದೊರೆತಿವೆ. ಸಲಾಕೆ ಉರುಳದಂತೆ ಅವುಗಳ ಮೇಲಂಚಿನಲ್ಲಿ ಸಮ ಅಂತರದ ಕಚ್ಚುಗಳಿವೆ. ಕೆಂಡಕ್ಕೆ ಗಾಳಿ ಹೋಗಲು ಬುಡದಲ್ಲಿ ಸಾಲುತೂತುಗಳಿವೆ. ಎರಡನ್ನೂ ಬೇರ್ಪಡಿಸಿ ಎತ್ತಿಡಬಹುದಾಗಿದ್ದರಿಂದ ಬಳಕೆಯಾದ ಮೇಲೆ ಅವು ಹೆಚ್ಚು ಜಾಗ ಹಿಡಿಯುತ್ತಿರಲಿಲ್ಲ. ಬಿಡಿಭಾಗಗಳಾಗಿ ಕಳಚಿಡುವ ಕೆಂಡದೊಲೆಯ ತೀರ ಹಳೆಯ ಮಾದರಿಗಳಲ್ಲಿ ಇದೊಂದು.

ಗ್ರೀಸಿನ ಮುಖ್ಯ ಭೂಭಾಗದಲ್ಲಿ, ಮೈಸೀನಿಯನ್ ನಾಗರಿಕತೆಯ ನೆಲೆಗಳಲ್ಲಿ, ಆಯತಾಕಾರದ ದಪ್ಪ ಮಣ್ಣಿನ ತಟ್ಟೆಗಳು ಸಿಕ್ಕಿವೆ. ಇವನ್ನು ಬೆಂಕಿಯ ಮೇಲೆ ಇಡುತ್ತಿದ್ದರೋ ಇವುಗಳೊಳಗೇ ಬೆಂಕಿ ಹಾಕುತ್ತಿದ್ದರೋ ಎಂಬ ಪ್ರಶ್ನೆ ಇತ್ತು. ಅದೇ ಬಗೆಯ ತಟ್ಟೆ ಮಾಡಿ ಪ್ರಯೋಗ ನಡೆಸಿದಾಗ ಉತ್ತರ ಸಿಕ್ಕಿತು. ಕೆಳಗಿನಿಂದ ಕಾಯಿಸಿದರೆ ದಪ್ಪ ಮಣ್ಣು ಕಾವನ್ನು ಮೇಲಕ್ಕೆ ಬಿಡಲಿಲ್ಲ. ಕೆಂಡವನ್ನು ತಟ್ಟೆಯೊಳಗೆ ಹರಡಿ ಸಲಾಕೆಗಳನ್ನು ಮೇಲಿಟ್ಟಾಗ ಮಾಂಸ ಚೆನ್ನಾಗಿ ಬೆಂದಿತು. ಅಂದರೆ ಅವು ಎತ್ತಿ ಒಯ್ಯಬಹುದಾದ ಕೆಂಡದ ತಟ್ಟೆಗಳು. ಕಾವನ್ನು ಹೊರಗೆ ಬಿಡದ ಮಣ್ಣಿನ ಗುಣವೇ ಇಲ್ಲಿ ಉಪಯೋಗಕ್ಕೆ ಬಂದಿದೆ: ಒಳಗೆ ಕೆಂಡ ನಿಗಿನಿಗಿ ಉರಿಯುತ್ತಿದ್ದರೂ ತಟ್ಟೆಯ ಅಡಿಯ ನೆಲ ಅಷ್ಟಾಗಿ ಕಾಯುವುದಿಲ್ಲ.

ಕೆಂಡದ ಮೇಲೆ ಸುಡುವ ಕಲೆ ಕನ್ನಡ ನಾಡಿನ ಅರಮನೆಗೂ ಪರಿಚಿತವಾಗಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜಭೋಜನದ ವಿವರಗಳಿವೆ. ಮಾಂಸದ ತುಂಡುಗಳಿಗೆ ಮಸಾಲೆ ಸೇರಿಸಿ ಸಲಾಕೆಗೆ ಪೋಣಿಸಿ ಕೆಂಡದಲ್ಲಿ ಸುಡುವ ಕ್ರಮವೂ ಅವುಗಳಲ್ಲಿ ಒಂದು. ಬೇಟೆ ಅರಸರ ವಿನೋದಗಳಲ್ಲೊಂದಾಗಿದ್ದ ಕಾಲದಲ್ಲಿ ಅಡುಗೆಯ ಪರಿವಾರವೂ ಅರಸನ ಜತೆಗೆ ಸಂಚರಿಸುತ್ತಿತ್ತು. ಹೊರುವ ಆಳುಗಳಿಗೆ ಕೊರತೆಯಿಲ್ಲದ ಕಡೆ ಒಲೆ ಹಗುರವಾಗಬೇಕೆಂಬ ಒತ್ತಡ ಮಾತ್ರ ಇರಲಿಲ್ಲ.

ಒಲೆಯನ್ನೇ ಹೊರದ ದಾರಿಯೂ ಇತ್ತು. ಕೆರಿಬಿಯನ್ ದ್ವೀಪಗಳ ಮತ್ತು ಉತ್ತರ ಅಮೆರಿಕದ ಪೂರ್ವ ಕರಾವಳಿಯ ಮೂಲನಿವಾಸಿಗಳು ನಾಲ್ಕು ಗೂಟ ನೆಟ್ಟು, ಮೇಲೆ ಹಸಿ ಕೋಲುಗಳ ಅಟ್ಟ ಹೆಣೆದು, ಕೆಳಗೆ ಬೆಂಕಿ ಮಾಡಿ ಮೀನು, ಮಾಂಸಗಳನ್ನು ನಿಧಾನವಾಗಿ ಬೇಯಿಸುತ್ತಿದ್ದರು. 1585ರಲ್ಲಿ ಇಂದಿನ ನಾರ್ತ್ ಕೆರೊಲಿನಾದ ತೀರಕ್ಕೆ ಹೋಗಿದ್ದ ಇಂಗ್ಲಿಷ್ ಚಿತ್ರಕಾರ ಜಾನ್ ವೈಟ್ ಇಂಥ ಅಟ್ಟದ ಚಿತ್ರ ಬರೆದ. 1590ರಲ್ಲಿ ಥಿಯೊಡೋರ್ ಡಿ ಬ್ರೈ ಅದನ್ನು ಅಚ್ಚುಹಾಕಿದ ಮೇಲೆ ಯುರೋಪಿನ ಓದುಗರೂ ಕಂಡರು. ಊಟ ಮುಗಿದ ಮೇಲೆ ಅಟ್ಟವನ್ನು ಅಲ್ಲಿಯೇ ಬಿಟ್ಟು ಹೋದರೆ ಆಯಿತು. ಮರ ಹೇರಳವಾಗಿದ್ದು ಜನ ವಿರಳವಾಗಿದ್ದ ಕಡೆ ಇದಕ್ಕಿಂತ ಹಗುರವಾದ ಏರ್ಪಾಡು ಇನ್ನೊಂದಿಲ್ಲ. ಬಾರ್ಬೆಕ್ಯೂ ಎಂಬ ಅಡುಗೆಯ ಪರಂಪರೆ ಬೆಳೆದದ್ದು ಈ ಅಟ್ಟದಿಂದ. ಅದಕ್ಕೆ ಮಡಚುವ ಕಾಲು ಸೇರಿದ್ದು ಬೇರೊಂದು ಕಡೆಯಿಂದ.

ಸೇನೆಯ ಪೆಟ್ಟಿಗೆ

ಅಡುಗೆ ಸಲಕರಣೆಯನ್ನು ಮಡಚಬೇಕೆಂಬ ಅಗತ್ಯ ಮೊದಲು ಬಲವಾಗಿ ತಟ್ಟಿದ್ದು ನಡೆಯುತ್ತಲೇ ಇರುವ ಸೈನ್ಯಗಳಿಗೆ. ರೋಮನ್ ಕಾಲದ ಕೆಲವು ಕಬ್ಬಿಣದ ಬಾಣಲೆಗಳಿಗೆ ಕೀಲು ಹಾಕಿದ ಹಿಡಿ ಇದೆ. ಹಿಡಿಯನ್ನು ಒಳಕ್ಕೆ ಮಡಚಿದರೆ ಅದು ಬಾಣಲೆಯ ಉದ್ದಕ್ಕೆ ಅಡಗಿ ಮೂಟೆಯಲ್ಲಿ ಸುಲಭವಾಗಿ ಕೂರುತ್ತಿತ್ತು.

ಮಡಚುವ ಕಾಲಿನ ಸುಡುಜಾಲರಿಗೆ ಹೆಸರಾಂತ ಉದಾಹರಣೆ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ್ದು. ಸೇನಾಪತಿ ಜಾರ್ಜ್ ವಾಷಿಂಗ್ಟನ್ ಬಳಸಿದ, 1775–76ರ ಕಾಲದ ಊಟದ ಪೆಟ್ಟಿಗೆ ವಾಷಿಂಗ್ಟನ್ ನಗರದ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಚರ್ಮ ಹೊದಿಸಿದ ಆ ಮರದ ಪೆಟ್ಟಿಗೆಯ ಖಾನೆಗಳಲ್ಲಿ ತವರದ ತಟ್ಟೆಗಳು, ಮರದ ಹಿಡಿ ಕಳಚಿಡಬಹುದಾದ ಪಾತ್ರೆಗಳು, ಚಾಕು, ಮುಳ್ಳುಚಮಚ, ಗಾಜಿನ ಸೀಸೆ, ಬೆಂಕಿ ಹೊತ್ತಿಸುವ ಸಾಮಗ್ರಿ ಇವುಗಳ ಜತೆಗೆ ಕಾಲು ಮಡಚುವ ಕಬ್ಬಿಣದ ಜಾಲರಿಯೂ ಇದೆ. ಪಾತ್ರೆಗೆ ಉದ್ದನೆಯ ಹಿಡಿ, ಜಾಲರಿಗೆ ಎತ್ತರದ ಕಾಲು, ಎರಡೂ ಅಡುಗೆಯ ಹೊತ್ತಿನಲ್ಲಿ ಬೇಕು. ಪ್ರಯಾಣದ ಹೊತ್ತಿನಲ್ಲಿ ಎರಡೂ ಜಾಗ ತಿನ್ನುತ್ತವೆ. ಪೆಟ್ಟಿಗೆ ಮಾಡಿದವರು ಒಂದನ್ನು ಕಳಚುವಂತೆ, ಇನ್ನೊಂದನ್ನು ಮಡಚುವಂತೆ ಮಾಡಿ ಇಕ್ಕಟ್ಟು ಬಿಡಿಸಿದರು. ಇಂದಿನ ಶಿಬಿರ ಸಾಮಗ್ರಿಯಲ್ಲೂ ನಡೆಯುತ್ತಿರುವ ಉಪಾಯಗಳು ಇವೇ. ಆದರೆ ವಾಷಿಂಗ್ಟನ್ನರ ಜಾಲರಿಗೆ ಕೆಂಡದ ತಟ್ಟೆ ಇರಲಿಲ್ಲ. ಬೆಂಕಿ ನೆಲದ ಮೇಲೆಯೇ ಉರಿಯುತ್ತಿತ್ತು.

ಬೆಂಕಿಯನ್ನೇ ಲೋಹದೊಳಗೆ ಮುಚ್ಚುವ ಹೆಜ್ಜೆಯನ್ನು ದೊಡ್ಡ ಪ್ರಮಾಣದಲ್ಲಿ ಇಟ್ಟವನು ಅಲೆಕ್ಸಿಸ್ ಸೋಯೆ. ಲಂಡನ್ನಿನ ರಿಫಾರ್ಮ್ ಕ್ಲಬ್ಬಿನಲ್ಲಿ ಬಾಣಸಿಗನಾಗಿ ಹೆಸರು ಮಾಡಿದ್ದ ಈ ಫ್ರೆಂಚನು 1855ರಲ್ಲಿ ಕ್ರಿಮಿಯಾ ಯುದ್ಧದ ಬ್ರಿಟಿಷ್ ಪಡೆಗಳ ಊಟ ಸುಧಾರಿಸಲು ಹೊರಟ. ಬಯಲಿನಲ್ಲಿ ತೆರೆದ ಬೆಂಕಿಯ ಮೇಲೆ ನಡೆಯುತ್ತಿದ್ದ ಅಡುಗೆಯಲ್ಲಿ ಸೌದೆ ವಿಪರೀತ ಖರ್ಚಾಗುತ್ತಿತ್ತು. ಮಳೆಗಾಳಿಗೆ ಒಲೆ ಹತ್ತುತ್ತಿರಲಿಲ್ಲ. ಸೋಯೆಯ ಒಲೆ ಪೀಪಾಯಿಯಂತಿದ್ದು, ಕೆಳಗೆ ಮುಚ್ಚಿದ ಬೆಂಕಿಗೂಡು, ಮೇಲೆ ಹಂಡೆ ಇತ್ತು. ಸಿಕ್ಕ ಸೌದೆಯನ್ನು ಸ್ವಲ್ಪವೇ ಹಾಕಿದರೂ ಅದು ಕೆಲಸ ಮಾಡುತ್ತಿತ್ತು, ಇರುಳಿನಲ್ಲಿ ಬೆಳಕು ಹೊರಗೆ ಕಾಣುತ್ತಿರಲಿಲ್ಲ. ಅಲ್ಪಸ್ವಲ್ಪ ಮಾರ್ಪಾಟುಗಳೊಂದಿಗೆ ಬ್ರಿಟಿಷ್ ಸೇನೆ ಅದನ್ನು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳವರೆಗೂ ಬಳಸಿತು. ಅದು ಕುದಿಸುವ ಒಲೆಯೇ ಹೊರತು ಸುಡುವ ಒಲೆಯಲ್ಲ. ಆದರೂ ಬೆಂಕಿಗೆ ಗೋಡೆ ಕಟ್ಟಿ ಗಾಳಿಯನ್ನು ಹತೋಟಿಯಲ್ಲಿಟ್ಟರೆ ಇಂಧನ ಉಳಿಯುತ್ತದೆ ಎಂಬ ಅದರ ಪಾಠ ಮುಂದಿನ ಎಲ್ಲ ಒಲೆಗಳಿಗೂ ಅನ್ವಯಿಸಿತು.

ಅಗತ್ಯದಿಂದ ರುಚಿಗೆ

ಯುದ್ಧ, ವ್ಯಾಪಾರ, ಬೇಟೆ ಯಾವುದೂ ಇಲ್ಲದೆ ಬರೀ ಸಂತೋಷಕ್ಕಾಗಿ ಡೇರೆಯಲ್ಲಿ ಮಲಗುವ ಹವ್ಯಾಸ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ವ್ಯವಸ್ಥಿತ ರೂಪ ಪಡೆಯಿತು. ಅದಕ್ಕೆ ಮುಂದಾಳಾದವನು ಥಾಮಸ್ ಹೈರಮ್ ಹೋಲ್ಡಿಂಗ್, ವೃತ್ತಿಯಿಂದ ದರ್ಜಿ. ಸೈಕಲ್ಲಿನಲ್ಲಿ ಒಯ್ಯಬಹುದಾದ ಹಗುರ ಡೇರೆಗಳನ್ನು ಹೊಲಿದ ಇವನ ಪ್ರಭಾವದಲ್ಲಿ 1901ರಲ್ಲಿ ಸೈಕಲ್ ಶಿಬಿರಾರ್ಥಿಗಳ ಸಂಘ ಹುಟ್ಟಿತು. 1908ರಲ್ಲಿ ಶಿಬಿರವಾಸದ ಬಗ್ಗೆ ಅವನ ಕೈಪಿಡಿ ಪ್ರಕಟವಾಯಿತು. ಸೈಕಲ್ ಸವಾರನ ಲೆಕ್ಕದಲ್ಲಿ ಒಂದೊಂದು ತೊಲ ತೂಕವೂ ದೊಡ್ಡದೇ. ಕಬ್ಬಿಣದ ಜಾಲರಿ, ಇದ್ದಿಲ ಚೀಲಗಳಿಗೆ ಅಲ್ಲಿ ಎಡೆಯಿರಲಿಲ್ಲ.

ಆ ಹೊತ್ತಿಗೆ ಬೇರೊಂದು ಒಲೆ ಸಿದ್ಧವಾಗಿತ್ತು. ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರಲ್ಲಿ ರೂಪಿಸಿದ ಪ್ರೈಮಸ್ ಸ್ಟೌವಿನಲ್ಲಿ ಬತ್ತಿಯಿರಲಿಲ್ಲ. ಪಂಪಿನ ಒತ್ತಡದಿಂದ ಮೇಲೇರಿದ ಸೀಮೆಎಣ್ಣೆ ಕಾದ ಕೊಳವೆಯಲ್ಲಿ ಆವಿಯಾಗಿ, ಮಸಿಯಿಲ್ಲದ ನೀಲಿ ಜ್ವಾಲೆಯಾಗಿ ಉರಿಯುತ್ತಿತ್ತು. 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ ರೋಲ್ಡ್ ಅಮುಂಡ್ಸೆನ್‌ನ ತಂಡ ಹಿಮ ಕರಗಿಸಿದ್ದು ಪ್ರೈಮಸ್ಸಿನಲ್ಲಿ. ‘ಪಂಪ್ ಸ್ಟೌವ್’ ಎಂಬ ಹೆಸರಿನಲ್ಲಿ ಇದೇ ಬಗೆಯ ಒಲೆ ಭಾರತದ ಅಡುಗೆಮನೆಗಳಲ್ಲೂ ದಶಕಗಳ ಕಾಲ ಸದ್ದು ಮಾಡಿತು.

ನೀರು ಕಾಯಿಸಲು, ಗಂಜಿ ಬೇಯಿಸಲು ದ್ರವ ಇಂಧನದ ಒಲೆ ಸಾಕೆಂದಾದ ಮೇಲೆ ಪ್ರಯಾಣಿಕನಿಗೆ ಕೆಂಡದ ಅಗತ್ಯ ಉಳಿಯಲಿಲ್ಲ. ಅಲ್ಲಿಂದ ಮುಂದೆ ಕೆಂಡದೊಲೆ ಉಳಿದದ್ದು ರುಚಿಗಾಗಿ, ಜತೆಗೂಡಿ ಕೂರುವ ಸುಖಕ್ಕಾಗಿ. ಕೆಂಡದ ನೇರ ಶಾಖಕ್ಕೆ ಆಹಾರದ ಮೇಲ್ಮೈ ಬೇಗ ಒಣಗಿ ಕಂದುತ್ತದೆ. ಪ್ರೋಟೀನಿನ ಅಂಶ ಮತ್ತು ಸಕ್ಕರೆಗಳು ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದಾಗ ವೇಗವಾಗಿ ಕೂಡಿಕೊಂಡು ನೂರಾರು ಪರಿಮಳಗಳನ್ನು ಹುಟ್ಟಿಸುತ್ತವೆ. 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದವನು ಫ್ರೆಂಚ್ ವಿಜ್ಞಾನಿ ಲೂಯಿ ಕಾಮೀ ಮಯ್ಯಾರ್. ಕುದಿಯುವ ನೀರು 100 ಡಿಗ್ರಿ ದಾಟದ ಕಾರಣ ಬೇಯಿಸಿದ ಅಡುಗೆಗೆ ಈ ರುಚಿ ಬರುವುದಿಲ್ಲ. ಜಿನುಗಿದ ಕೊಬ್ಬು ಕೆಂಡಕ್ಕೆ ಬಿದ್ದು ಏಳುವ ಹೊಗೆಯೂ ಅದಕ್ಕೆ ತನ್ನ ವಾಸನೆ ಕೂಡಿಸುತ್ತದೆ.

ಕಾರು ಮತ್ತು ಇದ್ದಿಲ ಬಿಲ್ಲೆ

ರುಚಿಗಾಗಿ ಭಾರ ಹೊರುವುದು ಸುಲಭವಾದದ್ದು ಮೋಟಾರು ಕಾರು ಬಂದ ಮೇಲೆ. 1908ರಲ್ಲಿ ಮಾರುಕಟ್ಟೆಗೆ ಬಂದ ಫೋರ್ಡ್ ಕಂಪನಿಯ ‘ಮಾಡೆಲ್ ಟಿ’ ಅಮೆರಿಕದ ಸಾಮಾನ್ಯ ಸಂಸಾರಗಳನ್ನು ರಸ್ತೆಗೆ ತಂದಿತು. ಹೊಟೇಲಿನ ಖರ್ಚಿಲ್ಲದೆ ಕಾರಿನ ಪಕ್ಕದಲ್ಲೇ ಡೇರೆ ಹೊಡೆಯುವ ವಾಡಿಕೆ 1910 ಮತ್ತು 20ರ ದಶಕಗಳಲ್ಲಿ ಹಬ್ಬಿತು. ಕೋಲ್ಮನ್ ಕಂಪನಿ 1923ರಲ್ಲಿ ಸೂಟ್‌ಕೇಸಿನಂತೆ ಮುಚ್ಚುವ ಶಿಬಿರ ಸ್ಟೌವ್ ತಂದದ್ದು ಇಂಥ ಗಿರಾಕಿಗಳಿಗಾಗಿ. ಮುಚ್ಚಳ ತೆರೆದರೆ ಅದೇ ಗಾಳಿತಡೆ. ಮುಚ್ಚಿದರೆ ಕೈಯಲ್ಲಿ ಹಿಡಿಯುವ ಪೆಟ್ಟಿಗೆ. ಇದೇ ಪೆಟ್ಟಿಗೆ ರೂಪವನ್ನು ಮುಂದೆ ಇದ್ದಿಲ ಬಾರ್ಬೆಕ್ಯೂಗಳೂ ಅಳವಡಿಸಿಕೊಂಡವು.

ಇದ್ದಿಲಿನ ಕಥೆಗೂ ಕಾರಿನ ಕಥೆಗೂ ನೇರ ನಂಟಿದೆ. ಹೆನ್ರಿ ಫೋರ್ಡ್, ಥಾಮಸ್ ಎಡಿಸನ್, ಟೈರು ಉದ್ಯಮಿ ಹಾರ್ವಿ ಫೈರ್‌ಸ್ಟೋನ್, ನಿಸರ್ಗ ಲೇಖಕ ಜಾನ್ ಬರೋಸ್ ಇವರು ಗೆಳೆಯರಾಗಿ ಹಲವು ಬೇಸಿಗೆಗಳಲ್ಲಿ ಶಿಬಿರಯಾತ್ರೆ ಹೋಗುತ್ತಿದ್ದರು. ಅಡುಗೆಗೆಂದೇ ಸಜ್ಜಾದ ವಾಹನ ಅವರ ಹಿಂದೆ ಬರುತ್ತಿತ್ತು. 1921ರಲ್ಲಿ ಅಧ್ಯಕ್ಷ ವಾರೆನ್ ಹಾರ್ಡಿಂಗ್ ಕೂಡ ಅವರನ್ನು ಸೇರಿಕೊಂಡರು. ಪತ್ರಿಕೆಗಳು ಈ ಯಾತ್ರೆಗಳನ್ನು ವಿಸ್ತಾರವಾಗಿ ವರದಿ ಮಾಡಿದ್ದರಿಂದ ಕಾರಿನ ಶಿಬಿರವಾಸಕ್ಕೆ ಪುಕ್ಕಟೆ ಪ್ರಚಾರ ಸಿಕ್ಕಿತು.

ಮಾಡೆಲ್ ಟಿ ಕಾರಿನ ಚೌಕಟ್ಟು, ಚಕ್ರ, ನೆಲಹಾಸುಗಳಿಗೆ ಮರ ಬೇಕಾಗಿತ್ತು. 1919ರಲ್ಲಿ ಫೋರ್ಡ್ ತನ್ನ ಸಂಬಂಧಿಯ ಗಂಡನಾದ ಎಡ್ವರ್ಡ್ ಕಿಂಗ್ಸ್‌ಫರ್ಡ್‌ನ ನೆರವು ಕೇಳಿದ. ಅವನ ಮೂಲಕ ಮಿಷಿಗನ್ ರಾಜ್ಯದ ಉತ್ತರ ಭಾಗದ ಐರನ್ ಮೌಂಟನ್ ಸುತ್ತ ಸುಮಾರು ಮೂರು ಲಕ್ಷ ಎಕರೆ ಕಾಡು ಫೋರ್ಡ್ ಕೈಸೇರಿತು. ಅಲ್ಲಿ ಎದ್ದ ಮರದ ಕಾರ್ಖಾನೆಯಲ್ಲಿ ಕೊಂಬೆ, ಚಕ್ಕೆ, ಗರಗಸದ ಹೊಟ್ಟು ಬೆಟ್ಟದಂತೆ ಬೀಳತೊಡಗಿತು. ವ್ಯರ್ಥವನ್ನು ಕಂಡರಾಗದ ಫೋರ್ಡ್ ಅದನ್ನು ಸುಟ್ಟು ಮರದ ಮದ್ಯಸಾರ, ಅಸಿಟಿಕ್ ಆಮ್ಲದಂಥ ರಾಸಾಯನಿಕಗಳನ್ನು ತೆಗೆಯುವ ಘಟಕ ಕಟ್ಟಿಸಿದ. ಕೊನೆಗೆ ಉಳಿಯುತ್ತಿದ್ದ ಇದ್ದಿಲ ಪುಡಿಗೆ ಪಿಷ್ಟದ ಅಂಟು ಬೆರೆಸಿ, ಅಚ್ಚಿನಲ್ಲಿ ಒತ್ತಿ, ದಿಂಬಿನಾಕಾರದ ಬಿಲ್ಲೆಗಳನ್ನು ಮಾಡಲಾಯಿತು. ಇದ್ದಿಲ ಬಿಲ್ಲೆಯ ವಿನ್ಯಾಸಕ್ಕೆ ಪೆನ್ಸಿಲ್ವೇನಿಯಾದ ಎಲ್ಸ್‌ವರ್ತ್ ಜ್ವಾಯರ್ 1897ರಲ್ಲೇ ಪೇಟೆಂಟ್ ಪಡೆದಿದ್ದ. ಅದನ್ನು ಜನಬಳಕೆಯ ಸರಕಾಗಿ ಮಾಡಿದ್ದು ಫೋರ್ಡ್ ಕಾರ್ಖಾನೆ.

ಬಿಲ್ಲೆಗಳು ಮಾರಾಟವಾದದ್ದು ಫೋರ್ಡ್ ಕಾರಿನ ಅಂಗಡಿಗಳಲ್ಲಿ. 1930ರ ದಶಕದಲ್ಲಿ ಇದ್ದಿಲ ಜತೆಗೆ ಚಿಕ್ಕ ಸುಡುಒಲೆಯೂ ಇದ್ದ ವನಭೋಜನದ ಕಟ್ಟು ಅದೇ ಅಂಗಡಿಗಳಲ್ಲಿ ಸಿಗುತ್ತಿತ್ತು. ಕಾರು, ಇಂಧನ, ಒಲೆ ಮೂರೂ ಒಂದೇ ಕಟ್ಟೆಯಲ್ಲಿ. ಕಾಡಿನಲ್ಲಿ ಸೌದೆ ಹುಡುಕಿ, ಉರಿಸಿ, ಕೆಂಡವಾಗಲು ಕಾಯುವ ಕೆಲಸ ಇದರಿಂದ ತಪ್ಪಿತು. ಒಣ ಸೌದೆಗೆ ಹೋಲಿಸಿದರೆ ಅಷ್ಟೇ ತೂಕದ ಇದ್ದಿಲು ಸುಮಾರು ಎರಡು ಪಟ್ಟು ಶಾಖ ಕೊಡುವುದರಿಂದ ಒಯ್ಯುವ ಹೊರೆಯೂ ಇಳಿಯಿತು. ಬಿಲ್ಲೆಗಳೆಲ್ಲ ಒಂದೇ ಗಾತ್ರದವಾದ್ದರಿಂದ ಇಷ್ಟು ಬಿಲ್ಲೆಗೆ ಇಷ್ಟು ಹೊತ್ತಿನ ಕಾವು ಎಂಬ ಅಂದಾಜು ಸಿಕ್ಕಿತು. ಒಲೆಯ ತಟ್ಟೆಯನ್ನು ಅದಕ್ಕೆ ತಕ್ಕಂತೆ ಚಿಕ್ಕದಾಗಿ, ತೆಳುವಾಗಿ ಮಾಡಬಹುದಾಯಿತು. ಈ ವ್ಯವಹಾರವನ್ನು 1951ರಲ್ಲಿ ಫೋರ್ಡ್ ಕಂಪನಿ ಮಾರಿದ ಮೇಲೆ ಬಿಲ್ಲೆಗಳಿಗೆ ಕಿಂಗ್ಸ್‌ಫರ್ಡ್‌ನ ಹೆಸರೇ ನಿಂತಿತು.

ನಾನಾ ನಾಡುಗಳ ಒಲೆಗಳು

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಬಾರ್ಬೆಕ್ಯೂ ಮನೆಯ ಹಿತ್ತಲಿಗೆ ಬಂದು ನೆಲೆಸಿತು. 1952ರಲ್ಲಿ ಚಿಕಾಗೊ ಬಳಿಯ ವೆಬರ್ ಬ್ರದರ್ಸ್ ಲೋಹದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಸ್ಟೀಫನ್, ನೀರಿನಲ್ಲಿ ತೇಲುವ ಲೋಹದ ಬುರುಡೆಯನ್ನು ಅರ್ಧಕ್ಕೆ ಕತ್ತರಿಸಿ ಮುಚ್ಚಳವಿರುವ ದುಂಡು ಒಲೆ ಮಾಡಿದ. ಗಾಳಿಮಳೆಯಿಂದ ಕೆಂಡಕ್ಕೆ ರಕ್ಷಣೆ ಸಿಕ್ಕಿತು, ಕಿಂಡಿ ಕಿರಿದು ಮಾಡಿ ಕಾವು ತಗ್ಗಿಸುವುದು ಸಾಧ್ಯವಾಯಿತು. 1960ರ ದಶಕದಲ್ಲಿ ಗ್ಯಾಸಿನ ಒಲೆಗಳೂ ಬಂದವು. ಇವೆರಡೂ ಮಡಚುವಂಥವಲ್ಲ, ಆದರೆ ಮುಚ್ಚಳ ಮತ್ತು ಹೊಂದಿಸಬಹುದಾದ ಕಿಂಡಿಗಳನ್ನು ಒಯ್ಯುವ ಒಲೆಗಳು ಇವುಗಳಿಂದ ಕಲಿತವು.

ಅದೇ ವರ್ಷಗಳಲ್ಲಿ ಹಿಬಾಚಿ ಎಂಬ ಹೆಸರಿನ ಎರಕದ ಕಬ್ಬಿಣದ ಪುಟ್ಟ ಒಲೆ ಅಮೆರಿಕದ ವನಭೋಜನಗಳಲ್ಲಿ ಕಾಣಿಸಿತು. ಜಪಾನಿನಲ್ಲಿ ಹಿಬಾಚಿ ಕೋಣೆ ಬೆಚ್ಚಗಿಡುವ ಅಗ್ಗಿಷ್ಟಿಕೆ; ಸುಡಲು ಬಳಸುವ ಪುಟ್ಟ ಒಲೆ ಶಿಚಿರಿನ್. ನೋಟೊ ಪರ್ಯಾಯ ದ್ವೀಪದಲ್ಲಿ ಸಿಗುವ, ಸೂಕ್ಷ್ಮ ಪಾಚಿಗಳ ಚಿಪ್ಪಿನಿಂದಾದ ಹಗುರ ಮಣ್ಣಿನ ಗಟ್ಟಿಗಳನ್ನು ಕೊರೆದು ಅದನ್ನು ಮಾಡುತ್ತಾರೆ. ಆ ಮಣ್ಣಿನ ತುಂಬ ಗಾಳಿರಂಧ್ರಗಳಿರುವುದರಿಂದ ಕಾವು ಹೊರಗೆ ಸೋರದೆ ಹಿಡಿ ಇದ್ದಿಲಿನಲ್ಲೇ ಊಟ ಸಿದ್ಧವಾಗುತ್ತದೆ. ಜತೆಗೆ ಬಳಸುವ ಬಿಂಚೋತಾನ್ ಇದ್ದಿಲು ವಾಕಯಾಮ ಪ್ರಾಂತದ ಗಟ್ಟಿ ಓಕ್ ಮರದ್ದು. ಹೊಗೆಯೂ ಜ್ವಾಲೆಯೂ ತೀರ ಕಡಿಮೆ, ಬಾಳಿಕೆ ಹೆಚ್ಚು. ಶಿಚಿರಿನ್ ಎತ್ತಿ ಒಯ್ಯಲು ಸುಲಭ, ಆದರೆ ಮಡಚಲಾಗದು, ನೆನೆದರೆ ಕೆಡುತ್ತದೆ, ಬಿದ್ದರೆ ಒಡೆಯುತ್ತದೆ.

ತುರ್ಕಿಯಿಂದ ರಷ್ಯಾದವರೆಗೆ ಪ್ರಚಲಿತವಾದ ಮಂಗಲ್ ಎಂಬ ಒಲೆಗೆ ಹಲವೆಡೆ ಜಾಲರಿಯೇ ಇರುವುದಿಲ್ಲ. ಅದು ಕಾಲಿರುವ ಉದ್ದನೆಯ ತಗಡಿನ ತೊಟ್ಟಿ. ಮಾಂಸ ಪೋಣಿಸಿದ ಸಲಾಕೆಗಳು ತೊಟ್ಟಿಯ ಎರಡೂ ಅಂಚುಗಳ ಮೇಲೆ ಕೂರುತ್ತವೆ. ರಷ್ಯಾದಲ್ಲಿ ಮೇ ತಿಂಗಳ ರಜೆ ಬಂತೆಂದರೆ ನಗರದ ಜನ ಕಾಡಿನ ಅಂಚಿಗೆ, ಹಳ್ಳಿಯ ತೋಟದ ಮನೆಗೆ ಹೋಗಿ ಶಶ್ಲಿಕ್ ಎಂಬ ಸಲಾಕೆ ಮಾಂಸ ಸುಡುತ್ತಾರೆ. ಅವರು ಒಯ್ಯುವ ಮಂಗಲ್‌ನ ಗೋಡೆ, ತಳ, ಕಾಲುಗಳು ಬಿಡಿಬಿಡಿಯಾಗಿ ಚಪ್ಪಟೆ ಚೀಲದಲ್ಲಿ ಸೇರುತ್ತವೆ. ಗೋಡೆಯ ಮೇಲಂಚಿನಲ್ಲಿ ಕಚ್ಚು, ಬುಡದಲ್ಲಿ ತೂತು: ಆಕ್ರೊಟಿರಿಯ ಆಧಾರಗಳಲ್ಲಿದ್ದ ಏರ್ಪಾಡೇ ಇದು. ಜಾಲರಿಯ ಭಾರ ಉಳಿಯುವುದು ಇದರ ಲಾಭ. ದಕ್ಷಿಣ ಆಫ್ರಿಕಾದಲ್ಲಿ ‘ಬ್ರಾಯ್’ ಎಂಬ ಸುಡುವ ಅಡುಗೆಯ ಸಂಪ್ರದಾಯದವರು ಬೇರೆ ದಾರಿ ಹಿಡಿದರು. ಅಲ್ಲಿ ಮಡಚುವುದು ಜಾಲರಿ: ಕೀಲಿನಿಂದ ಜೋಡಿಸಿದ ಎರಡು ಜಾಲರಿಗಳ ನಡುವೆ ಆಹಾರವನ್ನು ಬಿಗಿದು, ಎಲ್ಲ ತುಂಡುಗಳನ್ನೂ ಒಂದೇ ಸಲಕ್ಕೆ ಮಗುಚುತ್ತಾರೆ.

ನೆಲವನ್ನು ಕಾಯುವ ಒಲೆ

ಶಿಬಿರಾರ್ಥಿಗಳ ಸಂಖ್ಯೆ ಹೆಚ್ಚಿದಂತೆ ಅವರು ಬಿಟ್ಟು ಹೋದ ಕಲೆಗಳೂ ಕಣ್ಣಿಗೆ ಬೀಳತೊಡಗಿದವು. ಒಂದೇ ಬಯಲಿನಲ್ಲಿ ಹತ್ತಾರು ಕರಿ ವೃತ್ತಗಳು, ಸೌದೆಗಾಗಿ ಬೋಳಿಸಿದ ಮರಗಳು, ಕಾರಿನ ಚಕ್ರ ತುಳಿದು ಗಟ್ಟಿಯಾದ ನೆಲ. ನೆಲದ ಮೇಲೆ ಬೆಂಕಿ ಹಾಕಿದರೆ ಮೇಲ್ಮಣ್ಣಿನ ಸಾವಯವ ಅಂಶ, ಬೀಜ, ಬೇರುಗಳು ಸುಟ್ಟುಹೋಗುತ್ತವೆ. ಅಲ್ಲಿ ಮತ್ತೆ ಹಸಿರು ಮೂಡಲು ವರ್ಷಗಳು ಬೇಕು. ಅಮೆರಿಕದ ಸಸ್ಯರೋಗ ತಜ್ಞ ಎಮಿಲಿಯೊ ಮೈನೆಕೆ ಈ ಹಾನಿಯನ್ನು ಅಧ್ಯಯನ ಮಾಡಿ 1932ರಲ್ಲಿ ಶಿಬಿರತಾಣಗಳಿಗೊಂದು ನೀತಿ ಬರೆದ. ಕಾರು ನಿಲ್ಲುವ ಜಾಗ, ಡೇರೆಯ ಜಾಗ, ಬೆಂಕಿಯ ಜಾಗ ಮೂರನ್ನೂ ನಿಗದಿ ಮಾಡಬೇಕೆಂಬುದು ಅದರ ಸಾರ. ಅಮೆರಿಕದ ಉದ್ಯಾನಗಳಲ್ಲಿ ಕಲ್ಲಿನ ಸ್ಥಿರ ಒಲೆಗಳು ಸಾಲಾಗಿ ಕಾಣುವುದು ಈ ನೀತಿಯ ಫಲ.

ಒಲೆ ಕಟ್ಟಲಾಗದ ಕಡೆ ಬೆಂಕಿಯ ತಟ್ಟೆಯನ್ನು ಜತೆಗೇ ಒಯ್ಯಬೇಕಾಯಿತು. ಗ್ರಾಂಡ್ ಕ್ಯಾನ್ಯನ್‌ನ ಕಮರಿಯಲ್ಲಿ ಕೊಲೊರಾಡೊ ನದಿಯ ಮೇಲೆ ದೋಣಿಯಾತ್ರೆ ಹೋಗುವವರು ಲೋಹದ ತಟ್ಟೆಯಲ್ಲೇ ಬೆಂಕಿ ಮಾಡಿ ಬೂದಿಯನ್ನು ಹೊತ್ತು ತರಬೇಕೆಂಬ ನಿಯಮ ಬಂದಿತು. ಅಲ್ಲಿನ ಮರಳದಂಡೆಗಳು ಚಿಕ್ಕವು; ಒಂದೇ ದಂಡೆಯಲ್ಲಿ ದಿನಕ್ಕೊಂದು ತಂಡ ತಂಗಿದರೆ ಇದ್ದಿಲ ಚೂರು ಬೇಗ ತುಂಬಿಕೊಳ್ಳುತ್ತದೆ.

ಜಪಾನಿನಲ್ಲಿ 1990ರ ದಶಕದ ಕಾರು ಶಿಬಿರಗಳ ಭರಾಟೆಯಲ್ಲಿ ಇದೇ ಸಮಸ್ಯೆ ಎದ್ದಿತು. ಹಲವು ಶಿಬಿರತಾಣಗಳು ನೆಲದ ಮೇಲಿನ ಬೆಂಕಿಯನ್ನು ನಿಷೇಧಿಸಿದವು. ಲೋಹಗೆಲಸಕ್ಕೆ ಹೆಸರಾದ ನೀಗಾತಾ ಪ್ರಾಂತದ ಸಾಂಜೊ ಊರಿನ ಸ್ನೋ ಪೀಕ್ ಕಂಪನಿ 1996ರಲ್ಲಿ ಇದಕ್ಕೆ ಉತ್ತರವಾಗಿ ‘ತಕಿಬಿದಾಯ್’ ಎಂಬ ಬೆಂಕಿಪೀಠ ತಂದಿತು. ಸ್ಟೇನ್‌ಲೆಸ್ ಸ್ಟೀಲಿನ ನಾಲ್ಕು ತ್ರಿಕೋನ ಹಲಗೆಗಳನ್ನು ಕೀಲಿನಿಂದ ಜೋಡಿಸಿದ ಇದನ್ನು ಬಿಡಿಸಿದರೆ ತಲೆಕೆಳಗಾದ ಪಿರಮಿಡ್, ಒತ್ತಿದರೆ ಚಪ್ಪಟೆ ಫಲಕ. ಬೇರೆ ಕಾಲು ಜೋಡಿಸುವ ಗೋಜಿಲ್ಲ. ಮೇಲೆ ಜಾಲರಿ ಇಟ್ಟರೆ ಅದೇ ಬಾರ್ಬೆಕ್ಯೂ. ಒಲೆಯ ಕಾಲಿಗೆ ನೆಲದ ರಕ್ಷಣೆಯೇ ಮೊದಲ ಕೆಲಸವಾದದ್ದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕಾಲಿಲ್ಲದ ಒಲೆ ಏನು ಮಾಡಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಅನುಭವ ಸಾಕ್ಷಿ. ತೆಳು ಅಲ್ಯೂಮಿನಿಯಂ ತಟ್ಟೆಯಲ್ಲಿ ಇದ್ದಿಲು ತುಂಬಿ ಮಾರುವ, ಒಮ್ಮೆ ಬಳಸಿ ಬಿಸಾಡುವ ಬಾರ್ಬೆಕ್ಯೂಗಳನ್ನು ಜನ ಹುಲ್ಲಿನ ಮೇಲೇ ಇಟ್ಟು ಹೊತ್ತಿಸುತ್ತಿದ್ದರು. 2020ರ ಮೇ ತಿಂಗಳಲ್ಲಿ ಡಾರ್ಸೆಟ್‌ನ ವೇರ್‌ಹ್ಯಾಮ್ ಕಾಡಿನಲ್ಲಿ ಸುಮಾರು 200 ಹೆಕ್ಟೇರ್ ಸುಟ್ಟಾಗ ಅಗ್ನಿಶಾಮಕ ಸಿಬ್ಬಂದಿಗೆ ಆ ಪ್ರದೇಶದಲ್ಲಿ ಇಂಥ ತಟ್ಟೆಗಳ ಅವಶೇಷ ಸಿಕ್ಕಿತು. 2022ರಲ್ಲಿ ಆಲ್ಡಿ ಮತ್ತು ವೇಟ್‌ರೋಸ್ ಅಂಗಡಿ ಸರಣಿಗಳು ಅವುಗಳ ಮಾರಾಟ ನಿಲ್ಲಿಸಿದವು.

ಮಡಿಕೆಯ ಬಗೆ, ಲೋಹದ ಗುಣ

ಇಂದು ಮಾರುಕಟ್ಟೆಯಲ್ಲಿರುವ ಒಲೆಗಳನ್ನು ಅವು ಬಂದ ದಾರಿಯಿಂದಲೇ ಗುರುತಿಸಬಹುದು. ಪೆಟ್ಟಿಗೆ ಮಾದರಿಯಲ್ಲಿ ತೊಟ್ಟಿ ಗಟ್ಟಿಯಾಗಿದ್ದು ಕಾಲು ಮಾತ್ರ ಮಡಚುತ್ತದೆ. ಜಾಲರಿ ಒಳಗೇ ಕೂರುತ್ತದೆ. ಭಾರ ಹೆಚ್ಚಾದರೂ ನಾಲ್ಕಾರು ಜನರ ಸಂಸಾರ ಕಾರಿನಲ್ಲಿ ಹೋಗುವಾಗ ಇದೇ ಅನುಕೂಲ. ಪುಸ್ತಕದಂತೆ ಮುಚ್ಚುವ ಮಾದರಿಯಲ್ಲಿ ಎರಡು ಪಕ್ಕೆಗಳು ತೆರೆದು ಕಾಲಾಗುತ್ತವೆ, ನಡುವೆ ಕೆಂಡದ ತಟ್ಟೆ ತೂಗುತ್ತದೆ; ಇದು ತೆಳು, ಹಗುರ, ಆದರೆ ಕೆಂಡ ಹಿಡಿಯುವುದು ಸ್ವಲ್ಪವೇ. ಬಿಡಿ ಹಲಗೆಗಳನ್ನು ಕಚ್ಚಿಸುವ ಮಂಗಲ್ ಮಾದರಿ ಗಟ್ಟಿಮುಟ್ಟು, ಜೋಡಿಸಲು ಮಾತ್ರ ತುಸು ಹೊತ್ತು ಬೇಕು. ಕೀಲುಗಳು ಹೆಚ್ಚಿದಷ್ಟೂ ಜೋಡಣೆ ಬೇಗ; ಆದರೆ ಕಾವಿಗೆ ಹಿಗ್ಗಿ, ಬೂದಿ ಸೇರಿ ಮೊದಲು ಕೆಡುವುದೂ ಕೀಲುಗಳೇ.

ಲೋಹದ ಆಯ್ಕೆಗೂ ಚರಿತ್ರೆ ಇದೆ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರೇರ್ಲಿ ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕು ತಯಾರಿಸುವವರೆಗೆ ಜಾಲರಿಗಳೆಲ್ಲ ಕಬ್ಬಿಣದವೇ. ಸ್ಟೇನ್‌ಲೆಸ್ ಸ್ಟೀಲು ಸಾಮಾನ್ಯ ಉಕ್ಕಿನಷ್ಟು ಬೇಗ ಕಾವು ಹರಿಸುವುದಿಲ್ಲ, ಆದ್ದರಿಂದ ಕಾಲು ಮತ್ತು ಹಿಡಿಗಳು ತಡವಾಗಿ ಬಿಸಿಯಾಗುತ್ತವೆ. ತೀರ ತೆಳು ತಗಡು ಮಾತ್ರ ಒಂದೆರಡು ಬಳಕೆಯಲ್ಲೇ ತಿರುಚಿಕೊಂಡು ಮಡಚಲು ಬರದಂತಾಗುತ್ತದೆ. ಬಣ್ಣ ಬಳಿದ ಉಕ್ಕು ಅಗ್ಗ. ಬಣ್ಣ ಎದ್ದ ಕಡೆ ತುಕ್ಕು ಶುರುವಾಗುತ್ತದೆ. ಸತುವಿನ ಲೇಪ ಹಾಕಿದ ತಗಡನ್ನು ಕೆಂಡದ ತಟ್ಟೆಗೂ ಜಾಲರಿಗೂ ಬಳಸಬಾರದು: ಸತು ಸುಮಾರು 420 ಡಿಗ್ರಿಗೇ ಕರಗುತ್ತದೆ, ಹೆಚ್ಚು ಕಾದಾಗ ಏಳುವ ಅದರ ಹೊಗೆ ಜ್ವರ ತರಿಸುವಷ್ಟು ಹಾನಿಕರ. ಕೊಳ್ಳುವಾಗ ನೋಡಬೇಕಾದ ಉಳಿದ ಸಂಗತಿಗಳು ಕೆಲವೇ. ಕೆಂಡದ ಕೆಳಗೆ ಗಾಳಿಗೆ ಜಾಗವಿರಬೇಕು; ಕೆಂಡಕ್ಕೂ ಜಾಲರಿಗೂ ನಡುವೆ ಸುಮಾರು ನಾಲ್ಕರಿಂದ ಆರು ಇಂಚು ಅಂತರವಿರಬೇಕು; ಕಾಲುಗಳು ಅಗಲವಾಗಿ ನಿಂತು ತಳ್ಳಿದರೆ ಅಲುಗಾಡದಂತಿರಬೇಕು; ತೊಟ್ಟಿಯ ತಳ ನೆಲದಿಂದ ಸಾಕಷ್ಟು ಎತ್ತರದಲ್ಲಿರಬೇಕು.

ಬಳಸುವ ಕ್ರಮ

ಹೊಸ ಒಲೆಯಲ್ಲಿ ಮೊದಲ ಸಲ ಆಹಾರವಿಡದೆ ಅರ್ಧ ಗಂಟೆ ಕೆಂಡ ಉರಿಸಿದರೆ ಕಾರ್ಖಾನೆಯ ಎಣ್ಣೆ, ಬಣ್ಣದ ವಾಸನೆ ಹೋಗುತ್ತದೆ. ಇದ್ದಿಲು ಹೊತ್ತಿಸಲು ಎರಡೂ ಕಡೆ ತೆರೆದ ತಗಡಿನ ಕೊಳವೆ ಒಳ್ಳೆಯದು. ಕೆಳಗೆ ಕಾಗದ ಉರಿಸಿದರೆ ಬಿಸಿಗಾಳಿ ಮೇಲೇರುತ್ತ ಇದ್ದಿಲನ್ನು ಇಪ್ಪತ್ತು ನಿಮಿಷದಲ್ಲಿ ಹಿಡಿಸುತ್ತದೆ. ಸೀಮೆಎಣ್ಣೆ ಸುರಿಯಬೇಕಿಲ್ಲವಾದ್ದರಿಂದ ಅದರ ವಾಸನೆ ಅಡುಗೆಗೆ ಅಂಟುವುದಿಲ್ಲ. ಇದ್ದಿಲ ಮೇಲೆ ಬಿಳಿಬೂದಿ ಕಟ್ಟಿದ ಮೇಲೆಯೇ ಜಾಲರಿ ಇಡಬೇಕು. ಕೆಂಡವನ್ನು ತಟ್ಟೆಯ ಒಂದು ಪಕ್ಕಕ್ಕೆ ಒತ್ತಿದರೆ ಒಂದೆಡೆ ಬಿರುಸು ಕಾವು, ಇನ್ನೊಂದೆಡೆ ಮೆಲುಕಾವು ಸಿಗುತ್ತದೆ. ಕೊಬ್ಬು ಜಿನುಗಿ ಜ್ವಾಲೆ ಎದ್ದಾಗ ತುಂಡುಗಳನ್ನು ಮೆಲುಕಾವಿನ ಕಡೆಗೆ ಸರಿಸಬಹುದು.

ಎಲ್ಲಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ್ದು. ಕೆಂಡದಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೂದಿ ಮುಚ್ಚಿದ, ಆರಿದಂತೆ ತೋರುವ ಕೆಂಡವೂ ಅದನ್ನು ಬಿಡುತ್ತಲೇ ಇರುತ್ತದೆ. ಮಳೆ ಬಂತೆಂದು, ಚಳಿಯಾಯಿತೆಂದು ಒಲೆಯನ್ನು ಡೇರೆಯೊಳಗೆ ಇಟ್ಟುಕೊಂಡವರು ನಿದ್ದೆಯಲ್ಲೇ ಸತ್ತ ಪ್ರಕರಣಗಳು ಹಲವು ದೇಶಗಳಲ್ಲಿ ನಡೆದಿವೆ. ಊಟವಾದ ಮೇಲೆ ಕೆಂಡಕ್ಕೆ ನಿಧಾನವಾಗಿ ನೀರು ಹಾಕಿ, ಕಲಕಿ, ಕೈಗೆ ತಣ್ಣಗೆ ಸಿಕ್ಕುವವರೆಗೆ ಮತ್ತೆ ಹಾಕಬೇಕು. ಕೆಂಡವನ್ನು ಮಣ್ಣಿನಲ್ಲಿ ಹೂತರೆ ಅದು ಗಂಟೆಗಟ್ಟಲೆ ಒಳಗೇ ಜೀವ ಹಿಡಿದು ಬೇರುಗಳಿಗೆ ದಾಟಬಹುದು. ಕಾದ ತಗಡಿಗೆ ನೇರವಾಗಿ ನೀರು ಸುರಿದರೆ ಅದು ತಿರುಚಿಕೊಳ್ಳುವುದರಿಂದ ಕೆಂಡವನ್ನು ಲೋಹದ ಡಬ್ಬಿಗೆ ತೆಗೆದು ಆರಿಸುವುದು ಮೇಲು. ಉಪ್ಪು, ಕೊಬ್ಬು, ತೇವದ ಬೂದಿ ಮೂರೂ ಸೇರಿದರೆ ಲೋಹ ಬೇಗ ಸವೆದುಹೋಗುತ್ತದೆ. ಒರೆಸಿ ಒಣಗಿಸಿ ಮಡಚಬೇಕು.

ಕರ್ನಾಟಕದ ಸಂದರ್ಭ

ಕರ್ನಾಟಕದಲ್ಲಿ ಕೆಂಡ ಹೊತ್ತು ತಿರುಗುವ ಕಸುಬುಗಳು ಹೊಸವಲ್ಲ. ತಳ್ಳುಗಾಡಿಯ ಮೇಲೆ ಇದ್ದಿಲ ಒಲೆಯಿಟ್ಟು ಬೀಸಣಿಗೆಯಲ್ಲಿ ಗಾಳಿ ಹಾಕುತ್ತ ಜೋಳದ ತೆನೆ ಸುಡುವವರು ಎಲ್ಲ ಊರುಗಳಲ್ಲೂ ಇದ್ದಾರೆ. ರಸ್ತೆಬದಿಯ ಗಾಡಿಯಲ್ಲಿ ಬಟ್ಟೆ ತೀಡುವವರ ಇಸ್ತ್ರಿಪೆಟ್ಟಿಗೆ ಮುಚ್ಚಳ, ಕೀಲು, ಗಾಳಿಕಿಂಡಿ ಮೂರೂ ಇರುವ ಕೆಂಡದ ಪೆಟ್ಟಿಗೆಯೇ ಆಗಿದ್ದು, ಮಡಚುವ ಬಾರ್ಬೆಕ್ಯೂಗೆ ಹತ್ತಿರದ ನೆಂಟನಂತಿದೆ. ಇಸ್ತ್ರಿಗೆ ಬಳಸುವ ತೆಂಗಿನ ಚಿಪ್ಪಿನ ಇದ್ದಿಲು ಸುಡಲೂ ಒಳ್ಳೆಯದು. ಹೊಗೆ ಕಡಿಮೆ, ಕಾವು ಚುರುಕು. ಪೆಟ್ಟಿಗೆ ಮಾದರಿಯ ತಗಡಿನ ಒಲೆಗಳು ಈಗ ನಗರಗಳ ಅಂಗಡಿಗಳಲ್ಲಿ ಸಿಗುತ್ತವೆ. ಮಾಂಸದ ಜತೆಗೆ ಪನೀರ್, ಅಣಬೆ, ಗೆಣಸು, ಅನಾನಸ್‌ಗಳೂ ಅವುಗಳ ಜಾಲರಿ ಏರುತ್ತವೆ.

ಎಲ್ಲಿ ಹೊತ್ತಿಸಬಹುದು ಎಂಬುದನ್ನು ಮಾತ್ರ ಕಾನೂನು ಗೊತ್ತುಮಾಡುತ್ತದೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದೊಳಗೆ ಬೆಂಕಿ ಹೊತ್ತಿಸುವುದು ಅಪರಾಧ. ಒಲೆಗೆ ಕಾಲಿದ್ದರೂ ಅದಕ್ಕೆ ವಿನಾಯಿತಿಯಿಲ್ಲ. ಪಶ್ಚಿಮ ಘಟ್ಟದ ಶೋಲಾ ಹುಲ್ಲುಗಾವಲು, ಬಂಡೀಪುರದಂಥ ಎಲೆ ಉದುರುವ ಕಾಡುಗಳು ಜನವರಿಯಿಂದ ಮೇವರೆಗೆ ಒಣಗಿ ನಿಲ್ಲುತ್ತವೆ. ಬಂಡೀಪುರದಲ್ಲಿ 2019ರ ಫೆಬ್ರವರಿಯಲ್ಲಿ ಎದ್ದ ಬೆಂಕಿ ಸಾವಿರಾರು ಎಕರೆ ಕಾಡನ್ನು ಸುಟ್ಟಿತು. ಹೀಗಾಗಿ ಇಲ್ಲಿ ಮಡಚುವ ಬಾರ್ಬೆಕ್ಯೂ ಬಳಕೆಗೆ ಉಳಿಯುವ ಜಾಗಗಳು ಮಾಲೀಕರ ಒಪ್ಪಿಗೆಯಿರುವ ಖಾಸಗಿ ಎಸ್ಟೇಟು, ಹೋಮ್‌ಸ್ಟೇ ಅಂಗಳ, ಬೆಂಕಿಗೆ ಅನುಮತಿಯಿರುವ ಶಿಬಿರತಾಣಗಳು. ಅಲ್ಲಿಯೂ ಒಣಹುಲ್ಲು ಸವರಿದ ಸಮತಟ್ಟು ನೆಲ ಆರಿಸಿ, ಒಲೆಯ ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡೇ ಬೆಂಕಿ ಹಚ್ಚಬೇಕು.